ಹಳೆಯ ಬಡಗಿ ಹತಾರ: ತುಕ್ಕು ಇರಲಿ, ಬಿರುಕು ನೋಡಿ

ಗುಜರಿ ರಾಶಿಯಲ್ಲಿ ಎರಡು ಹತ್ತರಿ ಬಿದ್ದಿವೆ ಎಂದುಕೊಳ್ಳಿ (ಮರ ಹೆರೆದು ನಯ ಮಾಡುವ ಹತಾರ; ಉಜ್ಜುಗೊರಡು, ತೋಪಡ ಎಂದರೂ ಇದೇ). ಒಂದಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದು, ಹಿಡಿಗೆ ವಾರ್ನಿಷ್ ಹೊಡೆದಿದ್ದಾರೆ. ಇನ್ನೊಂದರ ಮೈತುಂಬ ಕೆಂಪು ತುಕ್ಕು. ಹೊಸಬರ ಕೈ ಮೊದಲನೆಯದರತ್ತ ಹೋಗುತ್ತದೆ. ಕೆಲಸ ಬಲ್ಲವರು ತುಕ್ಕು ಹಿಡಿದದ್ದನ್ನೇ ಎತ್ತಿ ನೋಡುತ್ತಾರೆ. ಮೇಲ್ಮೈ ತುಕ್ಕನ್ನು ಅರ್ಧ ದಿನದಲ್ಲಿ ಬಿಡಿಸಬಹುದು. ಬೀಡುಕಬ್ಬಿಣದ ಬಿರುಕು, ಕಳೆದುಹೋದ ತಿರುಪು, ಮಡಿಕೆ ಬಿದ್ದ ಗರಗಸ ಹಾಗಲ್ಲ. ಹೊಸ ಬಣ್ಣ ಮುಚ್ಚಿಡುವುದು ಹೆಚ್ಚಾಗಿ ಇಂಥವನ್ನೇ.

ಪಟ್ಟಿ ಇಲ್ಲದೆ ಹೊರಡಬೇಡಿ

ಅಗ್ಗಕ್ಕೆ ಸಿಕ್ಕಿತೆಂದು ತಂದ ಹತಾರ ಮೂಲೆ ಸೇರುವುದೇ ಹೆಚ್ಚು. ಮೊದಲಿಗೆ ಬೇಕಾದ್ದು ಇಷ್ಟು: 5ನೇ ನಂಬರಿನ (ಸುಮಾರು 35 ಸೆಂ.ಮೀ. ಉದ್ದದ) ಒಂದು ಹತ್ತರಿ, 6, 12 ಮತ್ತು 25 ಮಿ.ಮೀ. ಅಗಲದ ಮೂರು ಉಳಿ, ಉದ್ದಕ್ಕೆ ಸೀಳಲು ಒಂದು ಮತ್ತು ಅಡ್ಡ ಕೊಯ್ಯಲು ಒಂದು ಗರಗಸ, ನೇರ ಮೂಲೆ ಗುರುತಿಸಲು ಒಂದು ಮೂಲೆಮಟ್ಟ. ಕೊಡತಿಯನ್ನು ಗಟ್ಟಿ ಮರದ ತುಂಡಿನಿಂದ ನೀವೇ ಮಾಡಿಕೊಳ್ಳಬಹುದು. ಅರ ಮತ್ತು ಸಾಣೆಕಲ್ಲು ಮಾತ್ರ ಹೊಸದೇ ಇರಲಿ. ಸವೆದ ಅರಕ್ಕೆ ಮರುಜನ್ಮವಿಲ್ಲ. ಹಳೆಯ ಸಾಣೆಕಲ್ಲು ನಡುವೆ ತಗ್ಗಾಗಿ, ವರ್ಷಗಳ ಎಣ್ಣೆ ಕುಡಿದು ಕೂತಿರುತ್ತದೆ.

ಡಬ್ಬಿ ಸಮೇತ ಇರುವ ಪೂರ್ತಿ ಉಳಿ ಸೆಟ್, ಅಪರೂಪದ ನಂಬರಿನ ಹತ್ತರಿ ಇವೆಲ್ಲ ಸಂಗ್ರಹಕಾರರ ಸರಕು. ಅಲ್ಲಿ ನೀವು ದುಡ್ಡು ಕೊಡುವುದು ಅಪರೂಪಕ್ಕೆ, ಕೆಲಸಕ್ಕಲ್ಲ. ಒಂಟಿ ಉಳಿಗಳನ್ನು ಕೇಳುವವರು ಕಡಿಮೆ. ಮೂರು ಬೇರೆ ಬೇರೆ ಕಂಪನಿಯ ಉಳಿಗಳಿಂದಲೂ ಕಂಡಿ ಅಷ್ಟೇ ಚೊಕ್ಕವಾಗಿ ಬೀಳುತ್ತದೆ.

ಹುಡುಕಾಟ ಎಲ್ಲಿ?

ಕೆಲಸ ನಿಲ್ಲಿಸಿದ ಬಡಗಿಗಳ ಮನೆ, ಮುಚ್ಚುತ್ತಿರುವ ಕಾರ್ಖಾನೆ, ಹರಾಜು, ಗುಜರಿ ಅಂಗಡಿ, ಆನ್‌ಲೈನ್ ಜಾಹೀರಾತು. ಬಡಗಿಯ ಸ್ವಂತ ಪೆಟ್ಟಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿರುವ ಹತಾರ ದಿನವೂ ದುಡಿದದ್ದು, ದಿನವೂ ಸಾಣೆ ಕಂಡದ್ದು. ಆನ್‌ಲೈನ್‌ನಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದರೆ ಹೆಸರಿನ ಬೆಲೆಯೇ ಎದುರಾಗುತ್ತದೆ. ‘ಹಳೆ ಕಬ್ಬಿಣದ ಸಾಮಾನು’, ‘ಅಜ್ಜನ ಕಾಲದ ಪೆಟ್ಟಿಗೆ’ ಎಂಬಂಥ ಮಾತುಗಳಲ್ಲೂ ಹುಡುಕಿ. ಏನು ಮಾರುತ್ತಿದ್ದೇವೆಂದು ಗೊತ್ತಿಲ್ಲದವರ ಜಾಹೀರಾತು ಅಲ್ಲಿ ಸಿಗುತ್ತದೆ.

ದೂರದಿಂದ ಕೊಳ್ಳುವುದಾದರೆ ನಾಲ್ಕು ಫೋಟೊ ಕೇಳಿ: ಹತ್ತರಿಯ ತಳ, ಬಾಯಿ ಹತ್ತಿರದಿಂದ, ಎರಡೂ ಪಕ್ಕ, ಹೊರತೆಗೆದ ಅಲಗಿನ ಹಿಂಬದಿ. ಬಾಯಿಯ ಫೋಟೊ ಕಳಿಸಲು ಮಾರುವವರು ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ.

ಖುದ್ದಾಗಿ ಹೋಗುವವರ ಚೀಲದಲ್ಲಿ 15 ಸೆಂ.ಮೀ. ಉಕ್ಕಿನ ಸ್ಕೇಲು, ಟಾರ್ಚು, ಸ್ಕ್ರೂಡ್ರೈವರ್, ಚೂಪು ಪೆನ್ಸಿಲ್, ನೆಟ್ಟಗಿನ ಅಂಚಿನ ಪ್ಲೈವುಡ್ ತುಂಡು, ಹಳೆ ಬಟ್ಟೆ ಇರಲಿ. ಏನನ್ನೇ ಬಿಚ್ಚುವ ಮೊದಲು ಒಂದು ಮಾತು ಕೇಳಿ.

ಹತ್ತರಿ: ಬಾಯಿಯಿಂದ ಶುರು ಮಾಡಿ

ಇಂದು ಸಿಗುವ ಬಹುತೇಕ ಕಬ್ಬಿಣದ ಹತ್ತರಿಗಳ ಮೂಲ ಅಮೆರಿಕದ ಹತಾರ ತಯಾರಕ ಲಿಯೊನಾರ್ಡ್ ಬೈಲಿಯ ವಿನ್ಯಾಸ. ಅದರ ಹಕ್ಕನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಆಮೇಲೆ ಎಷ್ಟೋ ಕಂಪನಿಗಳು ಅದನ್ನೇ ಅನುಕರಿಸಿದವು. 4ನೇ ನಂಬರು ಸುಮಾರು 24 ಸೆಂ.ಮೀ. ಉದ್ದ, 5ನೆಯದು ಸುಮಾರು 35, 7ನೆಯದು 56. ಹೆಚ್ಚು ತಯಾರಾದವು 4 ಮತ್ತು 5, ಹಾಗಾಗಿ ಅಗ್ಗಕ್ಕೆ ಸಿಗುವವೂ ಅವೇ.

ಮೊದಲು ತಳ ಮೇಲಾಗಿ ಹಿಡಿದು, ಅಲಗು ಹೊರಬರುವ ಸೀಳನ್ನು, ಅಂದರೆ ಬಾಯಿಯನ್ನು, ಟಾರ್ಚಿನಲ್ಲಿ ನೋಡಿ. ಅದರ ನಾಲ್ಕು ಮೂಲೆಗಳಿಂದ ಪಕ್ಕದ ಗೋಡೆಗೆ ಹತ್ತುವ ಕೂದಲೆಳೆಯಂಥ ಗೆರೆ ಇದೆಯೇ? ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಹತ್ತರಿ ಒಮ್ಮೆ ನೆಲಕ್ಕೆ ಬಿದ್ದಿದ್ದರೆ ಅದರ ಸಾಕ್ಷಿ ಇಲ್ಲೇ ಇರುತ್ತದೆ. ಅನುಮಾನ ಬಂದರೆ ಎಲ್ಲ ಬಿಡಿಭಾಗ ಬಿಚ್ಚಿ, ಬರೀ ಮೈಯನ್ನು ಬೆರಳಿನಲ್ಲಿ ತೂಗುಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಮೈ ‘ಟಣ್’ ಎನ್ನುತ್ತದೆ. ಒಡೆದದ್ದು ಬಿರುಕು ಬಿಟ್ಟ ಮಡಕೆಯಂತೆ ಬೊಕ್ಕ ಸದ್ದು ಮಾಡುತ್ತದೆ. ಬೆಸುಗೆ ಹಾಕಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಸುಗೆಯ ಬಿಸಿಗೆ ತಳ ಸೊಟ್ಟಗಾಗುತ್ತದೆ.

ಆಮೇಲೆ ಅಲಗು. ಮೇಲಿನ ಲಿವರ್ ಎತ್ತಿ, ಮುಚ್ಚಳ ತೆಗೆದು, ಅಲಗನ್ನೂ ಅದಕ್ಕೆ ತಿರುಪು ಹಾಕಿದ ಚಿಪ್‌ಬ್ರೇಕರನ್ನೂ (ಅಲಗಿನ ಬೆನ್ನಿಗೆ ಕೂರುವ ಇನ್ನೊಂದು ಪಟ್ಟಿ) ಒಟ್ಟಿಗೆ ಎತ್ತಿ. ತಿರುಪು ಸಡಿಲಿಸಿ ಎರಡನ್ನೂ ಬೇರೆ ಮಾಡಿ. ಅಲಗಿನ ಸಪಾಟು ಬದಿಯಲ್ಲಿ ಅಂಚಿನಿಂದ 3 ಮಿ.ಮೀ. ಒಳಗೆ ಸಿಡುಬಿನ ಕಲೆಯಂಥ ಗುಳಿಗಳಿವೆಯೇ ನೋಡಿ. ಆಚೆ ಎಷ್ಟು ಗುಳಿ ಇದ್ದರೂ ತೊಂದರೆಯಿಲ್ಲ. ಅಂಚಿನಲ್ಲಿ ಇದ್ದರೆ ಎಷ್ಟು ಸಾಣೆ ಹಿಡಿದರೂ ಅಲಗು ಹಲ್ಲುಹಲ್ಲಾಗಿಯೇ ಉಳಿದು, ಮರದ ಮೇಲೆ ಗೀರು ಬೀಳುತ್ತದೆ. ಚೂಪು ಅಂಚು ಎಂದರೆ ಎರಡು ನುಣುಪು ಮೈಗಳು ಕೂಡುವ ಜಾಗ. ಒಂದು ಮೈ ಗುಳಿಯಾಗಿದ್ದರೆ ಇನ್ನೊಂದನ್ನು ಎಷ್ಟು ಉಜ್ಜಿ ಏನು ಪ್ರಯೋಜನ? ಅಲಗಿನ ಸೀಳು ಮುಗಿಯುವಲ್ಲಿಂದ ಅಂಚಿನವರೆಗೆ 20 ಮಿ.ಮೀ. ಆದರೂ ಉಳಿದಿರಬೇಕು.

ಬಿಡಿಭಾಗ ಎಣಿಸಿ. ಹಳೆಯ ಸ್ಟ್ಯಾನ್ಲಿ ತಿರುಪುಗಳ ದಾರ ಅಂಗಡಿಯಲ್ಲಿ ಸಿಗುವ ಸಾಮಾನ್ಯ ತಿರುಪಿಗೆ ಹೊಂದುವುದಿಲ್ಲ. ಒಂದು ತಿರುಪು, ಒಂದು ಚಿಪ್‌ಬ್ರೇಕರ್ ಹುಡುಕಿಸುವ ಖರ್ಚು ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರ. ಹಿಂದಿರುವ ಹಿತ್ತಾಳೆಯ ಆಳದ ಚಕ್ರ ಹಿಡಿದುಕೊಂಡಿದ್ದರೆ ಬಲ ಹಾಕುವ ಮುನ್ನ ನೆನಪಿರಲಿ, ಅದರದ್ದು ಎಡದಾರ, ಅಂದರೆ ಮಾಮೂಲಿ ತಿರುಪಿನ ಎದುರು ದಿಕ್ಕಿಗೆ ಬಿಚ್ಚುತ್ತದೆ. ಬಿಚ್ಚುವ ಭ್ರಮೆಯಲ್ಲಿ ಇನ್ನೂ ಬಿಗಿ ಮಾಡಿ ಮುರಿದವರು ಬಹಳ. ಒಂದು ಹನಿ ಎಣ್ಣೆ ಬಿಟ್ಟು ಕಾಯಿರಿ.

ಮುರಿದ ಮರದ ಹಿಡಿ ದೊಡ್ಡ ದೋಷವಲ್ಲ. ಅಂಟು ಹಾಕಬಹುದು, ಹೊಸದನ್ನೂ ಕೆತ್ತಬಹುದು. ಚೌಕಾಶಿಗೆ ಮಾತ್ರ ಅದು ಒಳ್ಳೆಯ ನೆಪ.

ಉಳಿ

ಹಿಂಬದಿ ನೋಡುವ ರೀತಿ ಹತ್ತರಿಯ ಅಲಗಿನದ್ದೇ. ಜೊತೆಗೆ ತುದಿಯ ಬಣ್ಣ ಗಮನಿಸಿ. ತುದಿ ನೀಲಿಯಾಗಿದ್ದರೆ ಯಾರೋ ವಿದ್ಯುತ್ ಸಾಣೆಯಲ್ಲಿ ಸುಟ್ಟಿದ್ದಾರೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಇಂಗಾಲದ ಉಕ್ಕು ನೀಲಿಯಾಗುತ್ತದೆ, ಅಷ್ಟು ಹೊತ್ತಿಗೆ ಹದ ಹೋಗಿರುತ್ತದೆ. ನೀಲಿ ತುದಿಯಲ್ಲಿ ಒಂದೆರಡು ಮಿ.ಮೀ. ಮಾತ್ರ ಇದ್ದು ಉಳಿ ಸಾಕಷ್ಟು ಉದ್ದವಿದ್ದರೆ ಅಷ್ಟನ್ನು ತಣ್ಣಗೆ ಸವೆಸಿ ತೆಗೆಯಬಹುದು. ಬುಡದವರೆಗೆ ಹರಡಿದ್ದರೆ ಬೇಡ.

‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆ ಕಂಡು ಬೀಡು ಎಂದುಕೊಂಡು ಬಿಟ್ಟುಬಂದವರಿದ್ದಾರೆ. ಅದು ಮೂಸೆಯಲ್ಲಿ ಕರಗಿಸಿ ಎರೆದ ಉತ್ತಮ ಉಕ್ಕು. ಇಂಗ್ಲೆಂಡಿನ ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಕಂಡುಕೊಂಡ ವಿಧಾನ. ಆ ಮುದ್ರೆಯ ಉಳಿಯನ್ನು ಬಿಡಬೇಡಿ.

ಗರಗಸ

ಹಿಡಿಯನ್ನು ಕಣ್ಣಿನ ಬಳಿ ಇಟ್ಟು, ಹಲ್ಲಿನ ಸಾಲನ್ನು ಬಂದೂಕಿನ ಗುರಿ ನೋಡುವಂತೆ ತುದಿಯವರೆಗೆ ನೋಡಿ. ಇಡೀ ಪಟ್ಟಿ ನಯವಾಗಿ ಒಂದೇ ಕಡೆ ಬಾಗಿದ್ದರೆ ಅದನ್ನು ಎದುರು ದಿಕ್ಕಿಗೆ ಬಗ್ಗಿಸಿ ಬಹುಮಟ್ಟಿಗೆ ಸರಿಮಾಡಬಹುದು. ಒಂದೇ ಜಾಗದಲ್ಲಿ ಥಟ್ಟನೆ ಮುರಿದ ಗೆರೆ ಇದ್ದರೆ ಅದು ಮಡಿಕೆ. ಅಲ್ಲಿ ಉಕ್ಕು ಹಿಗ್ಗಿರುತ್ತದೆ, ಸುತ್ತಿಗೆ ಹಿಡಿದು ನುರಿತವರಿಗೇ ಅದು ಕಷ್ಟ. ಅಲ್ಲಲ್ಲಿ ಒಂದೊಂದು ಹಲ್ಲು ಇಲ್ಲದಿದ್ದರೂ ಕೊಯ್ಯುತ್ತದೆ. ಸಾಲಾಗಿ ಮೂರು ನಾಲ್ಕು ಹೋಗಿದ್ದರೆ ಎಲ್ಲವನ್ನೂ ಅರದಿಂದ ಹೊಸದಾಗಿ ಕೊರೆಯಬೇಕು.

ಅಂಗುಲಕ್ಕೆ 5ರಿಂದ 7 ಹಲ್ಲು ಸೀಳುವುದಕ್ಕೆ, 8ರಿಂದ 12 ಅಡ್ಡ ಕೊಯ್ಯುವುದಕ್ಕೆ. ಹಲ್ಲಿನ ತುದಿ ಮಾತ್ರ ಕಡುನೀಲಿ ಅಥವಾ ಕಪ್ಪಾಗಿದ್ದರೆ ಅದು ಯಂತ್ರದಲ್ಲಿ ಗಡಸು ಮಾಡಿದ ಈಚಿನ ಗರಗಸ. ಅರ ಅದರ ಮೇಲೆ ಜಾರುತ್ತದೆ. ಮೊಂಡಾದರೆ ಎಸೆಯುವುದೇ.

ಹಿಡಿಯ ಮೇಲಿನ ಹಿತ್ತಾಳೆ ಬಿಲ್ಲೆಯಲ್ಲಿ ‘ವಾರಂಟೆಡ್ ಸುಪೀರಿಯರ್’ ಎಂದಿದ್ದರೆ ಅದನ್ನು ಕಂಪನಿಯ ಹೆಸರೆಂದು ನಂಬಿ ಹೆಚ್ಚು ಕೊಡಬೇಡಿ. ಹಲವು ತಯಾರಕರು ಬಳಸಿದ ಸಾಮಾನ್ಯ ಬಿಲ್ಲೆ ಅದು.

ಮೂಲೆಮಟ್ಟ ಮತ್ತು ಬೈರಿಗೆ

ಪ್ಲೈವುಡ್ಡಿನ ನೆಟ್ಟಗಿನ ಅಂಚಿಗೆ ಮೂಲೆಮಟ್ಟ ಒತ್ತಿ ಗೆರೆ ಎಳೆಯಿರಿ. ಮಗುಚಿ, ಅದೇ ಬಿಂದುವಿನಿಂದ ಮತ್ತೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಗೆರೆಗಳು ಕವಲೊಡೆದರೆ, ತುದಿಯಲ್ಲಿ ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು.

ತೂತು ಕೊರೆಯುವ ಕೈಬೈರಿಗೆಯಲ್ಲಿ ಮೊನೆ ಕಚ್ಚಿ ಹಿಡಿಯುವ ಮುಷ್ಟಿಯೊಳಗಿನ (ಚಕ್) ಎರಡು ದವಡೆಗಳೂ ಇವೆಯೇ, ಮೇಲಿನ ಗುಬಟು ಲಟಪಟ ಅಲ್ಲಾಡುತ್ತದೆಯೇ, ಇಷ್ಟು ನೋಡಿದರೆ ಸಾಕು.

ಮನೆಗೆ ತಂದ ಮೇಲೆ

ತುಕ್ಕಿಗೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ. ಮರ, ಹಿತ್ತಾಳೆ ಬೇರೆ ಮಾಡಿ, ಜಿಡ್ಡು ತೊಳೆದು, ಕಬ್ಬಿಣದ ಭಾಗ ಮಾತ್ರ ಮುಳುಗಿಸಿ. ಅರ್ಧ ಗಂಟೆಗೊಮ್ಮೆ ತೆಗೆದು ಬ್ರಷ್‌ನಿಂದ ಉಜ್ಜಿ. ರಾತ್ರಿಯಿಡೀ ಬಿಟ್ಟರೆ ಆಮ್ಲ ತುಕ್ಕು ಮುಗಿಸಿ ಕಬ್ಬಿಣವನ್ನೇ ತಿನ್ನತೊಡಗುತ್ತದೆ, ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಗರಗಸದ ತೆಳು ಪಟ್ಟಿಯನ್ನು ಮುಳುಗಿಸದೆ ಸೀಮೆಎಣ್ಣೆ ಮತ್ತು ಸ್ಯಾಂಡ್‌ಪೇಪರಿನಿಂದ ಉಜ್ಜುವುದು ಕ್ಷೇಮ. ಹೊರತೆಗೆದ ಭಾಗಗಳನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ ತೊಳೆದು, ಆ ಕ್ಷಣವೇ ಒರೆಸಿ, ಬಿಸಿಲಿಗೆ ಇಟ್ಟು, ಎಣ್ಣೆ ಸವರಿ. ಒದ್ದೆ ಇರುವಾಗ ಬಿಟ್ಟರೆ ಹತ್ತೇ ನಿಮಿಷದಲ್ಲಿ ಹೊಸ ತುಕ್ಕು ಮೂಡುತ್ತದೆ.

ಹತ್ತರಿಯ ತಳ ಸಪಾಟಿಲ್ಲದಿದ್ದರೆ ದಪ್ಪ ಗಾಜಿನ ಮೇಲೆ 80 ಗ್ರಿಟ್ಟಿನ ಒರಟು ಸ್ಯಾಂಡ್‌ಪೇಪರ್ ಅಂಟಿಸಿ. ಅಲಗನ್ನು ಒಳಕ್ಕೆ ಎಳೆದುಕೊಳ್ಳಿ, ಬಿಚ್ಚಬೇಡಿ. ಅಲಗು ಬಿಗಿದಾಗ ಮೈ ಒಂದಿಷ್ಟು ಬಾಗುವುದರಿಂದ ಅದೇ ಬಿಗಿತದಲ್ಲಿ ಉಜ್ಜಬೇಕು. ತಳದ ತುಂಬ ಪೆನ್ನಿನಿಂದ ಅಡ್ಡಗೆರೆ ಎಳೆದು ಉಜ್ಜಿ. ಮುಂತುದಿ, ಬಾಯಿಯ ಮುಂಭಾಗ, ಹಿಂತುದಿ, ಈ ಮೂರು ಕಡೆ ಗೆರೆ ಅಳಿಸಿದರೆ ನಿಲ್ಲಿಸಿ. ನಡುವೆ ಉಳಿದ ಗೆರೆಗಳು ಹಾಗೇ ಇರಲಿ.