ಚಾರ್ಟಿನಲ್ಲಿ ಇರದ ಎಳ್ಳಮಾವಾಸ್ಯೆ

2018ರಲ್ಲಿ ವೈಟ್‌ಫೀಲ್ಡ್ ಕಡೆ ಒಂಬತ್ತು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟಿಸುವ ಹೊಣೆ ನನ್ನ ಮೇಲಿತ್ತು. ಮಾಮೂಲಿ ಪ್ಲೈವುಡ್ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಶೀಟ್ ಹೊಡೆದು ಕಟ್ಟುವ ಅಚ್ಚು. ಒಂದು ಸ್ಲ್ಯಾಬಿಗೆ, ಅಂದರೆ ಒಂದು ತಾರಸಿಗೆ, 18 ದಿನ ಎಂದು ಲೆಕ್ಕ ಹಾಕಿದ್ದೆ, ಆಗುತ್ತಿದ್ದದ್ದು 26. ಕಬ್ಬಿಣ ತಡ, ಕಲೆಸಿದ ಕಾಂಕ್ರೀಟ್ ತರುವ ಆರ್‌ಎಂಸಿ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು, ಮಳೆ ಬಂತು ಎಂದು ವಾರವಾರ ಹೆಡ್ಡಾಫೀಸಿಗೆ ಬರೆಯುತ್ತಿದ್ದೆ. ಎಲ್ಲ ನಿಜವೇ. ಆದರೆ ಎಂಟು ದಿನ ನುಂಗುವಷ್ಟು ದೊಡ್ಡ ಕಾರಣಗಳಲ್ಲ ಎಂದು ನನಗೂ ಗೊತ್ತಿತ್ತು.

2019ರ ಜನವರಿ ಮೊದಲ ವಾರ ಒಂದು ಬೆಳಗ್ಗೆ ಹೋದರೆ ಲೇಬರ್ ಶೆಡ್ ಖಾಲಿ. ಸೆಂಟ್ರಿಂಗ್ ಮೇಸ್ತ್ರಿಗೆ ಫೋನ್ ಮಾಡಿದೆ. "ಎಳ್ಳಮಾಸಿ ಐತ್ರೀ ಸಾಹೇಬ್ರ, ಹೊಲಕ್ಕ ಚರಗ ಚೆಲ್ಲಬೇಕಲ್ರೀ" ಎಂದರು. ಅವರೆಲ್ಲ ಯಾದಗಿರಿ, ಕಲಬುರಗಿ ಕಡೆಯವರು. ಯಾವ ದಿನ ಯಾವ ಕೆಲಸ ಎಂದು ಬರೆದಿಟ್ಟ ನನ್ನ ಚಾರ್ಟಿನಲ್ಲಿ ಯುಗಾದಿ, ದಸರಾ, ದೀಪಾವಳಿ ಇದ್ದವು. ನಾನು ಮಂಡ್ಯದವನು. ಆ ದಿನ ಅಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ, ಚರಗ ಎಂದು ಅಡುಗೆಯ ಎಡೆ ಚೆಲ್ಲಿ, ಅಲ್ಲೇ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಹೋದವರಲ್ಲಿ ಅರ್ಧ ಜನ ವಾಪಸ್ ಬರಲೇ ಇಲ್ಲ. ವಿಚಾರಿಸಿದಾಗ ಸಂಗತಿ ಬಿಚ್ಚಿಕೊಂಡಿತು. ಲೇಬರ್ ಕಂಟ್ರಾಕ್ಟರ್ ವಾರಕ್ಕೊಮ್ಮೆ ಊಟಕ್ಕಾಗುವಷ್ಟು ಖರ್ಚಿ ಕೊಟ್ಟು ಉಳಿದ ಕೂಲಿ ಹಿಡಿದಿಟ್ಟುಕೊಳ್ಳುತ್ತಿದ್ದ. ಕೈಗೆ ದುಡ್ಡು ಬಂದರೆ ಓಡಿಹೋಗ್ತಾರೆ ಎಂಬುದು ಅವನ ವಾದ. ಬಾಕಿ ಹೇಗೂ ಸಿಗಲ್ಲ ಎಂದು ಖಾತ್ರಿಯಾದವರು ಬೇರೆ ಮೇಸ್ತ್ರಿ ಹಿಂದೆ ಹೊರಟುಬಿಟ್ಟಿದ್ದರು.

ಹೊಸ ಗ್ಯಾಂಗ್ ಬಂತೆಂದರೆ ಮೊದಲ ಸ್ಲ್ಯಾಬ್ ಕೆಟ್ಟಿತು ಎಂದೇ ಅರ್ಥ. ಯಾವ ಶೀಟ್ ಯಾವ ಬೀಮಿಗೆ ಎಂದು ಹುಡುಕುವುದರಲ್ಲೇ ಮೂರು ದಿನ. ಕಾಲಂ ಕಂಬದ ಬುಡದಲ್ಲಿ ಸಂದು ಬಿಟ್ಟು, ಸಿಮೆಂಟ್ ಹಾಲು ಸೋರಿ, ಶೀಟ್ ಬಿಚ್ಚಿದಾಗ ಜಲ್ಲಿ ಹಲ್ಲುಕಿರಿಯುತ್ತದೆ. ಅದನ್ನು ಒಡೆದು ಗ್ರೌಟ್ ತುಂಬಿ ಮುಚ್ಚಲು ಇನ್ನೆರಡು ದಿನ. ಹಳೆಯ ಡೈರಿ ತೆಗೆದು ನೋಡಿದೆ. ತಡವಾದ ಸ್ಲ್ಯಾಬುಗಳೂ ಗ್ಯಾಂಗ್ ಬದಲಾದ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ.

ಮೊದಲು ಕೂಲಿ ಬಟವಾಡೆಗೆ ಕೈ ಹಾಕಿದೆ. ಆಗಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಪ್ರಕಾರ ಕಂಟ್ರಾಕ್ಟರ್ ಕೂಲಿ ಹಂಚುವಾಗ ಕಂಪನಿಯವರು ಎದುರಿಗೆ ಇರಬೇಕು. ಅವನು ಕೊಡದಿದ್ದರೆ ಕಂಪನಿಯೇ ಕೊಡಬೇಕು. ನಾವು ರಿಜಿಸ್ಟರಿಗೆ ಸಹಿ ಹಾಕಿ ಸುಮ್ನಿದ್ದೆವು. ಅಲ್ಲಿಂದ ಮುಂದೆ ಹಾಜರಿ ಪುಸ್ತಕ ಹಿಡಿದು ನಾನೇ ಕೂತೆ. ಕಂಟ್ರಾಕ್ಟರ್ ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಪಾಪ, ಅವನದೂ ತಪ್ಪೆನ್ನುವಂತಿಲ್ಲ. ನಮ್ಮ ಬಿಲ್ ಪಾಸಾಗಲು 45 ದಿನ ಹಿಡಿಯುತ್ತಿತ್ತು, ಅವನು ಬಡ್ಡಿಗೆ ತಂದು ಖರ್ಚಿ ಕೊಡುತ್ತಿದ್ದ. ಹದಿನೈದು ದಿನಕ್ಕೊಂದು ಬಿಲ್ ಮಾಡಿಸಲು ಅಕೌಂಟ್ಸ್‌ನವರ ಜೊತೆ ಎರಡು ತಿಂಗಳು ಜಗಳವಾಡಿದೆ. ಇಡೀ ಕೆಲಸದಲ್ಲಿ ಕಷ್ಟ ಆದದ್ದು ಅದೊಂದೇ.

ಶನಿವಾರ ದುಡ್ಡು ಸಿಕ್ಕವರು ಸೋಮವಾರ ತಪ್ಪಿಸಿಕೊಳ್ಳುತ್ತಿದ್ದರು, ಹಾಗಾಗಿ ಬಟವಾಡೆಯನ್ನು ಬುಧವಾರಕ್ಕೆ ತಂದೆವು. ಸೋಮವಾರದ ಹಾಜರಿ ಸುಧಾರಿಸಿತು. ಪೂರ್ತಿ ಅಲ್ಲ. ಅದಕ್ಕೇ ಸೋಮವಾರ ಕಾಂಕ್ರೀಟ್ ಹಾಕುವುದನ್ನು ಬಿಟ್ಟೆ.

ಈ ನಡುವೆ ಹೆಡ್ಡಾಫೀಸಿನ ಎಚ್‌ಆರ್‌ನವರು ಬಂದು ಹುಟ್ಟುಹಬ್ಬದ ಕೇಕ್ ಕತ್ತರಿಸಿಹೋದರು. ನಿಜವಾದ ತಾರೀಖು ಗೊತ್ತಿಲ್ಲದೆ, ಆಧಾರ್‌ನಲ್ಲಿ ಗ್ಯಾಂಗಿನ ಅರ್ಧ ಜನರ ಹುಟ್ಟಿದ ದಿನ ಜನವರಿ 1!

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ. ಯಾರು ಯಾವ ಊರು, ಹೊಲ ಇದೆಯಾ, ಯಾವಾಗ ಹೋಗ್ತಾರೆ. ಜೂನ್‌ನಲ್ಲಿ ಬಿತ್ತನೆ, ಡಿಸೆಂಬರ್ ಹೊತ್ತಿಗೆ ತೊಗರಿ ಕಟಾವು. ಕಬ್ಬಿಣ ಕಟ್ಟುವ ಬಾರ್ ಬೆಂಡಿಂಗ್‌ನವರು ಬಿಹಾರದವರು, ದೀಪಾವಳಿ ಕಳೆದು ಆರು ದಿನಕ್ಕೆ ಅವರಿಗೆ ಛಠ್ ಹಬ್ಬ. ಅದನ್ನೆಲ್ಲ ಚಾರ್ಟಿಗೆ ಏರಿಸಿ, ಆ ದಿನಗಳಿಗೆ ಇಲ್ಲೇ ಇರುವ ಗಾರೆಯವರ ಕೆಲಸ ಹೊಂದಿಸಿದೆ.

ಮುಂದಿನ ಎಳ್ಳಮಾವಾಸ್ಯೆ 2019ರ ಡಿಸೆಂಬರ್ 26ಕ್ಕೆ ಬಂತು, ಸೂರ್ಯಗ್ರಹಣದ ದಿನವೇ. 21ಕ್ಕೆ ಸ್ಲ್ಯಾಬ್ ಮುಗಿಸಿ, ಬಾಕಿ ಚುಕ್ತಾ ಮಾಡಿ ಕಳಿಸಿದೆವು. ಹೋದವರು 34 ಜನ, ಹೊಸ ವರ್ಷದ ಮೊದಲ ವಾರಕ್ಕೆ 31 ಜನ ಶೆಡ್ಡಿನಲ್ಲಿದ್ದರು. ಉಳಿದ ಮೂವರ ತೊಗರಿ ಇನ್ನೂ ರಾಶಿಯಾಗಿರಲಿಲ್ಲ.