ಬೋಣಿ ಮೊದಲು, ಯೋಜನೆ ಆಮೇಲೆ: ಪುಣೆಯಲ್ಲಿ ಕಾಲೇಜು ಮಕ್ಕಳಿಗೆ ವ್ಯಾಪಾರ ಕಲಿಸುವ ಕ್ರಮ

ಉದ್ಯಮ ಶುರು ಮಾಡುವುದನ್ನು ಕಲಿಸುವ ಪಾಠದಲ್ಲಿ ಮೊದಲ ವಾರವೇ ವ್ಯಾಪಾರದ ಯೋಜನೆ ಬರೆಯುವ ಒಂಬತ್ತು ಚೌಕದ ನಕ್ಷೆ (ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್) ಕೊಟ್ಟು ತುಂಬಿಸುವ ರೂಢಿ ಇದೆ. ವಿದ್ಯಾರ್ಥಿಗಳು ಒಂದೇ ಸಂಜೆಯಲ್ಲಿ ಅದನ್ನು ತುಂಬಿಬಿಡುತ್ತಾರೆ. ತುಂಬಿದ್ದರಲ್ಲಿ ಒಂದು ಸಾಲೂ ಪೇಟೆಯಿಂದ ಬಂದದ್ದಲ್ಲ. ಆದರೆ ಅಚ್ಚುಕಟ್ಟಾಗಿ ಬರೆದ ಊಹೆಯ ಮೇಲೆ ಬೇಗ ಮೋಹ ಹುಟ್ಟುತ್ತದೆ. ಆಮೇಲೆ ಗಿರಾಕಿ ಬೇರೆ ಮಾತು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ಅದಕ್ಕೇ ನಾನು ಕ್ರಮವನ್ನು ತಿರುಗಿಸಿದ್ದೇನೆ: ಮೊದಲು ಬೋಣಿ, ಅಂದರೆ ಮೊದಲ ಮಾರಾಟ, ಆಮೇಲೆ ಅಸಲಿನ (ವಸ್ತುವಿಗೆ ತಗಲುವ ಪೂರ್ತಿ ಖರ್ಚಿನ) ಲೆಕ್ಕ, ಕೊನೆಗೆ ಯೋಜನೆ.

ನಮ್ಮಲ್ಲಿ ಇದು ಎರಡು ಕ್ರೆಡಿಟ್‌ನ ಪ್ರಾಯೋಗಿಕ ಪಾಠ. ಕ್ರೆಡಿಟ್ಟಿಗೆ 30 ಗಂಟೆಯಂತೆ ಒಟ್ಟು 60 ಗಂಟೆ, 15 ವಾರ. ವಾರದ ನಾಲ್ಕು ಗಂಟೆಯನ್ನು ಒಂದೇ ಮಧ್ಯಾಹ್ನ ಇಟ್ಟುಕೊಳ್ಳಬೇಕು. ದಿನಕ್ಕೊಂದು ಗಂಟೆಯಂತೆ ಹಂಚಿದರೆ ಕಾಲೇಜಿನಿಂದ ಮಾರ್ಕೆಟ್ ಯಾರ್ಡಿಗೆ ಹೋಗಿ ಬರುವುದರಲ್ಲೇ ಗಂಟೆ ಮುಗಿದಿರುತ್ತದೆ.

ತಂಡದಲ್ಲಿ ನಾಲ್ವರು ಇರಲಿ. ಐದು ಮಂದಿಯಾದರೆ ಒಬ್ಬರು ಸುಮ್ಮನೆ ಜೊತೆಗಿರುತ್ತಾರೆ. ಮೂವರೇ ಆದರೆ ಒಬ್ಬರು ಕಾಯಿಲೆ ಬಿದ್ದ ವಾರ ಕೆಲಸ ನಿಲ್ಲುತ್ತದೆ. ಒಂದೇ ಬೆಂಚಿನ ಗೆಳೆಯರನ್ನು ಒಟ್ಟಿಗೆ ಬಿಡಬೇಡಿ, ಏಕೆಂದರೆ ಸ್ನೇಹಿತರು ಪರಸ್ಪರರಿಂದ ಲೆಕ್ಕ ಕೇಳುವುದಿಲ್ಲ. ಮನೆಯಲ್ಲಿ ಅಂಗಡಿಯನ್ನೋ ಹೋಟೆಲನ್ನೋ ನೋಡಿ ಬೆಳೆದವರು ತಂಡಕ್ಕೆ ಒಬ್ಬರಾದರೂ ಸಿಗುವಂತೆ ಹಂಚಿ. ಪುಣೆಯ ಕನ್ನಡ ಮನೆಗಳಿಂದ ಬರುವ ಮಕ್ಕಳಲ್ಲಿ ಅಂಥವರು ಇದ್ದೇ ಇರುತ್ತಾರೆ. ನಾಲ್ಕು ಕೆಲಸಗಳು: ಖರೀದಿ, ತಯಾರಿ, ಗಿರಾಕಿ, ಗಲ್ಲಾ. ಮೂರು ವಾರಕ್ಕೊಮ್ಮೆ ಅದಲುಬದಲು. ಗಲ್ಲಾ ಕೈ ಬದಲಾಗುವ ದಿನ ಇಬ್ಬರೂ ಹಣ ಎಣಿಸಿ ಪುಸ್ತಕದಲ್ಲಿ ಸಹಿ ಹಾಕಬೇಕು.

ಪ್ರತಿ ತಂಡಕ್ಕೆ 2,000 ರೂಪಾಯಿ ಬಂಡವಾಳ ಕೊಡುತ್ತೇವೆ. ಹತ್ತು ತಂಡಕ್ಕೆ 20,000. ಇದು ಬಹುಮಾನವಲ್ಲ, 15ನೇ ವಾರ ವಾಪಸು ಬರಬೇಕಾದ ಹಣ. ಮನೆಯಿಂದ ಒಂದು ರೂಪಾಯಿಯನ್ನೂ ಸೇರಿಸುವಂತಿಲ್ಲ. ಈ ನಿಯಮವನ್ನು ಬಿಗಿಯಾಗಿ ಹಿಡಿಯಬೇಕು, ಯಾಕೆಂದರೆ ಅಪ್ಪನ ಹಣ ಗಲ್ಲಾಕ್ಕೆ ಬಿದ್ದ ದಿನದಿಂದ ಪುಸ್ತಕ ಸುಳ್ಳು ಹೇಳಲು ಶುರುಮಾಡುತ್ತದೆ. ಹಾಗೆಯೇ ಯುಪಿಐ ಹಣ ಒಬ್ಬರ ಖಾಸಗಿ ಖಾತೆಗೆ ಬಂದು ಅವರ ಮೊಬೈಲ್ ರೀಚಾರ್ಜಿನ ಜೊತೆ ಬೆರೆತರೆ ತಿಂಗಳ ಕೊನೆಗೆ ಯಾರಿಗೂ ಲೆಕ್ಕ ಹತ್ತುವುದಿಲ್ಲ. ತಂಡದಲ್ಲಿ ಒಬ್ಬರು ಬೇರೆ ಯಾವುದಕ್ಕೂ ಬಳಸದ ಒಂದು ಉಳಿತಾಯ ಖಾತೆಯನ್ನು ಇದಕ್ಕೇ ಮೀಸಲಿಡಲಿ.

ಮೊದಲ ಹತ್ತು ದಿನದ ಕೆಲಸವೇ ಬೋಣಿ. ಮರಾಠಿ ಅಂಗಡಿಯವರು ಇದನ್ನೇ ಭವಾನಿ ಅನ್ನುತ್ತಾರೆ. 2,000ದಲ್ಲಿ 200 ರೂಪಾಯಿ ಮಾತ್ರ ತೆಗೆದು ಏನನ್ನಾದರೂ ಕೊಂಡು ಹತ್ತು ಮಂದಿ ಅಪರಿಚಿತರಿಗೆ ಮಾರಬೇಕು: ಮಂಡಈ ತರಕಾರಿ ಮಾರುಕಟ್ಟೆಯ ನಿಂಬೆಹಣ್ಣು, ರವಿವಾರ ಪೇಟೆಯ ಪೆನ್ನು, ರಾಖಿ, ಯಾವುದಾದರೂ ಸರಿ. ನೆಂಟರು, ಸಹಪಾಠಿಗಳು, ಮೇಷ್ಟ್ರು, ಸೊಸೈಟಿಯ (ವಸತಿ ಸಮುಚ್ಚಯದ) ಪರಿಚಿತರು ಲೆಕ್ಕಕ್ಕಿಲ್ಲ. ಅವರು ಕೊಳ್ಳುವುದು ಹುಡುಗರ ಮುಖ ನೋಡಿ, ವಸ್ತು ನೋಡಿ ಅಲ್ಲ. ಪುರಾವೆಗೆ ಫೋಟೋ ಬೇಡ. ಪ್ರತಿ ಮಾರಾಟಕ್ಕೆ ಒಂದು ಚೀಟಿ ಸಾಕು: ಎಲ್ಲಿ, ಎಷ್ಟು ಗಂಟೆಗೆ, ಮೊದಲು ಹೇಳಿದ ಬೆಲೆ, ಕೊನೆಗೆ ಕುದುರಿದ ಬೆಲೆ. ಆ ಚೀಟಿಗಳನ್ನು ಜೋಡಿಸಿದಾಗ ಒಂದು ದೋಷ ಎದ್ದು ಕಾಣುತ್ತದೆ. ಗಿರಾಕಿ ಚೌಕಾಸಿ ಶುರುಮಾಡುವ ಮೊದಲೇ ಹುಡುಗರು ತಾವಾಗಿ ಬೆಲೆ ಇಳಿಸಿರುತ್ತಾರೆ. ಬೆಲೆ ಹೇಳಿ ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಸುಮ್ಮನಿರಲು ಹೇಳಿಕೊಡಿ. ಇದನ್ನು ತರಗತಿಯಲ್ಲೇ ಜೋಡಿಯಾಗಿ ನಿಲ್ಲಿಸಿ ಅಭ್ಯಾಸ ಮಾಡಿಸಬೇಕು.

ಮೂರರಿಂದ ಐದನೇ ವಾರದವರೆಗೆ ಗಿರಾಕಿಗಳ ಜೊತೆ ಮಾತುಕತೆ. ತಂಡಕ್ಕೆ 30. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಗಿರಾಕಿ ಮರಾಠಿಯಲ್ಲಿ ಹೇಳಿದ್ದನ್ನು ಮರಾಠಿಯಲ್ಲೇ, ಹಿಂದಿಯಲ್ಲಿ ಹೇಳಿದ್ದನ್ನು ಹಿಂದಿಯಲ್ಲೇ ಬರೆಯಬೇಕು. ಅನುವಾದದಲ್ಲಿ ಅಸಮಾಧಾನ ಸೋರಿಹೋಗುತ್ತದೆ. "ಇಂಥದ್ದು ಸಿಕ್ಕರೆ ಕೊಳ್ಳುತ್ತೀರಾ?" ಎಂದು ಕೇಳಕೂಡದು. ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. "ಕಳೆದ ಸಲ ಯಾವಾಗ ಕೊಂಡಿರಿ, ಎಲ್ಲಿ, ಎಷ್ಟು ಕೊಟ್ಟಿರಿ, ಏನು ಸರಿಬರಲಿಲ್ಲ?" ಎಂದೇ ಕೇಳಬೇಕು. ಪುಣೆಯಲ್ಲಿ "ಬಘೂ ನಂತರ್" (ಆಮೇಲೆ ನೋಡೋಣ) ಅಂದರೆ ಇಲ್ಲ ಎಂದೇ ಅರ್ಥ, ಅದನ್ನು ಇಲ್ಲ ಎಂದೇ ಬರೆದುಕೊಳ್ಳಲಿ. ಸಂಜೆ ಹಿಂಜವಡಿಯ ಬಸ್‌ ನಿಲ್ದಾಣದಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. ಶನಿವಾರ ಬೆಳಿಗ್ಗೆ ತರಕಾರಿಯವನ ಮುಂದೆ ಮಾತು ತಾನಾಗಿ ಬೆಳೆಯುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಪ್ರಶ್ನಾವಳಿ ಕಳಿಸಿ 200 ಉತ್ತರ ತಂದರೆ ನಾನು ತೆಗೆದುಕೊಳ್ಳುವುದಿಲ್ಲ.

ಇಲ್ಲ ಅಂದವರ ಕಾರಣ ಹೂಂ ಅಂದವರ ಮಾತಿಗಿಂತ ಬೆಲೆಬಾಳುತ್ತದೆ. ಇದನ್ನು ಹೇಳಲು ನಾನು ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರ ನೇಗಿಲನ್ನು ಉದಾಹರಣೆಗೆ ತರುತ್ತೇನೆ. ಅವರು ಹುಟ್ಟಿದ್ದು 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮುಂಬೈಯ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುತ್ತಿದ್ದವರು ಬೆಳಗಾವಿಗೆ ಬಂದು ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಎಂಬ ನಂಬಿಕೆಯಿಂದ ರೈತರು ಬಹುಕಾಲ ಅದನ್ನು ಮುಟ್ಟಲಿಲ್ಲ. ತಡೆ ಇದ್ದದ್ದು ಬೆಲೆಯಲ್ಲಲ್ಲ, ಭಯದಲ್ಲಿ. ಬೆಲೆ ಇಳಿಸಿದ್ದರೆ ಆ ಭಯ ಹೋಗುತ್ತಿರಲಿಲ್ಲ. ಈ ಪ್ರಸಂಗ ಹೇಳಿ ಪ್ರತಿ ತಂಡದ ಇಲ್ಲಗಳನ್ನು ಬೆಲೆ, ಭಯ, ಅಭ್ಯಾಸ, ದೂರ ಎಂದು ನಾಲ್ಕು ರಾಶಿ ಮಾಡಿಸುತ್ತೇನೆ. ಯಾವ ರಾಶಿ ದೊಡ್ಡದೋ ಅದನ್ನೇ ಮೊದಲು ಬಿಡಿಸಬೇಕು.

ಆರನೇ ವಾರ ಮುಂಗಡ. ಮಾತಾಡಿಸಿದ 30 ಜನರಲ್ಲಿ ಐವರಾದರೂ 50 ರೂಪಾಯಿ ಮುಂಗಡ ಕೊಡದಿದ್ದರೆ ವಸ್ತುವನ್ನೋ ಗಿರಾಕಿಯನ್ನೋ ಬದಲಿಸಬೇಕು. ಐದು ಸಿಕ್ಕರೆ ಅದೇ ವಸ್ತುವನ್ನು ಹಿಡಿದು ಉಳಿದ ಮುಂಗಡಕ್ಕೆ ಹೊರಡಬಹುದು.

ಪಾಠದ ನಿಜವಾದ ತೂಕ ಇರುವುದು ಏಳು ಮತ್ತು ಎಂಟನೇ ವಾರದ ಅಸಲಿನ ಲೆಕ್ಕದಲ್ಲಿ. ನಾನು ಬೋರ್ಡಿನ ಮೇಲೆ ಬಿಡಿಸುವ ಮಾದರಿ ಖಡಕ್ ಜೋಳದ ರೊಟ್ಟಿ. ವಿಜಯಪುರ, ಸೊಲ್ಲಾಪುರದ ಕಡೆಯಿಂದ ತರಿಸಿ ವಾಕಡ್, ಹಿಂಜವಡಿಯ ಮನೆಗಳಿಗೆ ಹತ್ತರ ಪೊಟ್ಟಣ ಮಾರುವುದು. ಅಂಕಿಗಳು ಲೆಕ್ಕಕ್ಕೆಂದು ಹಿಡಿದವು, ಪ್ರತಿ ತಂಡ ತನ್ನ ಅಂಕಿ ಹಾಕಿಕೊಳ್ಳಬೇಕು.

ರೊಟ್ಟಿಗೆ 6 ರೂಪಾಯಿ. ಹತ್ತಕ್ಕೆ 60. ವಿದ್ಯಾರ್ಥಿಗಳ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ: 100ಕ್ಕೆ ಮಾರಿದರೆ 40 ಲಾಭ. ಈಗ ಒಂದೊಂದಾಗಿ ಕೂಡಿಸೋಣ. 200 ರೊಟ್ಟಿ ತರಿಸಿದರೆ 1,200 ರೂಪಾಯಿ, ಬಸ್ಸಿನ ಪಾರ್ಸಲ್ಲಿಗೆ 200, ಒಟ್ಟು 1,400. ದಾರಿಯಲ್ಲಿ 24 ರೊಟ್ಟಿ ಮುರಿದವು, ಅಂದರೆ ನೂರಕ್ಕೆ 12. ಇಡಿಯಾಗಿ ಉಳಿದದ್ದು 176. ಆಗ ಹತ್ತು ರೊಟ್ಟಿಯ ಅಸಲು 79 ರೂಪಾಯಿ 50 ಪೈಸೆ. ಚೀಲ, ಲೇಬಲ್, ಕೆಳಗಿನ ರಟ್ಟಿಗೆ 9. ಮನೆಮನೆಗೆ ಕೊಡಲು ಸ್ಕೂಟರಿನ ಪೆಟ್ರೋಲು 150 ರೂಪಾಯಿ, 17 ಪೊಟ್ಟಣಕ್ಕೆ ಹಂಚಿದರೆ ತಲಾ 8.80. ಇಷ್ಟಕ್ಕೇ 97.30 ಆಯಿತು. ಇನ್ನು ಕೂಲಿ: ಕಟ್ಟುವುದು, ಹಂಚುವುದು ಸೇರಿ ಐದು ಗಂಟೆ, ಗಂಟೆಗೆ 80 ಹಿಡಿದರೆ 400, 17 ಪೊಟ್ಟಣಕ್ಕೆ ತಲಾ 23.50. ಒಟ್ಟು ಅಸಲು 120.80. ನೂರಕ್ಕೆ ಮಾರುವ ತಂಡ ಪೊಟ್ಟಣಕ್ಕೆ 20.80 ರೂಪಾಯಿ ಕಳೆದುಕೊಳ್ಳುತ್ತಿದೆ. ಗಿರಾಕಿ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ.

"ಸರ್, ಕೂಲಿ ಯಾಕೆ, ನಾವೇ ಮಾಡುತ್ತೇವಲ್ಲ" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪರೀಕ್ಷೆಯ ವಾರ ನೀವು ಬರದಿದ್ದರೆ ಇನ್ನೊಬ್ಬರಿಗೆ ಹಣ ಕೊಟ್ಟು ಮಾಡಿಸಬೇಕಲ್ಲ, ಅದೇ ಕೂಲಿ. ಅಮ್ಮ ಅಡುಗೆಮನೆಯಲ್ಲಿ ಮಾಡಿಕೊಟ್ಟ ಚಟ್ನಿಪುಡಿಗೂ ಇದೇ ಮಾತು. ಅವಳ ಎರಡು ಗಂಟೆಯನ್ನು ಸೊನ್ನೆ ಎಂದು ಬರೆದ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ.

ಈಗ ಸರಿಪಡಿಸುವುದು ಹೇಗೆ? ಮನೆಮನೆಗೆ ಹೋಗುವುದನ್ನು ಬಿಟ್ಟು ಶನಿವಾರ ಒಂದೇ ಸೊಸೈಟಿಯ ಒಳಗೆ ಮೇಜು ಹಾಕಿ 40 ಪೊಟ್ಟಣ ಮಾರಿದರೆ ಪೆಟ್ರೋಲು ತಲಾ 3.75ಕ್ಕೆ ಇಳಿಯುತ್ತದೆ. ಎಂಟು ಗಂಟೆಯ ಕೂಲಿ ತಲಾ 16 ಆಗುತ್ತದೆ. ರೊಟ್ಟಿ ಒಡೆಯುವುದು ಮೇಲೆ ಭಾರ ಬಿದ್ದಾಗ ಮತ್ತು ಡಬ್ಬಿಯೊಳಗೆ ಅಲುಗಿದಾಗ. ಅಳತೆಗೆ ಸರಿಹೊಂದುವ ಗಟ್ಟಿ ಡಬ್ಬಿ, ಸಂದಿಯಲ್ಲಿ ಕಾಗದದ ಉಂಡೆ ಇಟ್ಟು ಮುರಿತವನ್ನು ನೂರಕ್ಕೆ 5ಕ್ಕೆ ತಂದರೆ ಹತ್ತು ರೊಟ್ಟಿಯ ಅಸಲು 73.70. ಎಲ್ಲ ಸೇರಿ ಸುಮಾರು 102.40. ಬೆಲೆ 130 ಇಟ್ಟರೆ 27.60 ಉಳಿಯಿತು. ಸೊಸೈಟಿಗೆ ಶನಿವಾರಕ್ಕೆ 500ರಂತೆ ತಿಂಗಳಿಗೆ 2,000 ಬಾಡಿಗೆ. ಪೊಟ್ಟಣಕ್ಕೆ ಬೀಳುವ ಪೆಟ್ರೋಲು, ಕೂಲಿ ಇಷ್ಟೇ ಇರುತ್ತದೆ ಎಂದು ಹಿಡಿದು 2,000ವನ್ನು 27.60ರಿಂದ ಭಾಗಿಸಿ: ತಿಂಗಳಿಗೆ 73 ಪೊಟ್ಟಣ, ಶನಿವಾರಕ್ಕೆ 19. ಅದಕ್ಕಿಂತ ಕಡಿಮೆ ಮಾರಿದ ತಿಂಗಳು ನಷ್ಟ. ಮುರಿದ ರೊಟ್ಟಿಯನ್ನು ಚಟ್ನಿಪುಡಿಯ ಜೊತೆ ಚಿಕ್ಕ ಪೊಟ್ಟಣ ಮಾಡಿ ಮಾರಬಹುದು. ಆದರೆ ಅದನ್ನು ಮುಖ್ಯ ಲೆಕ್ಕದಲ್ಲಿ ಸೇರಿಸಿ ಬೆಲೆ ಇಳಿಸಬಾರದು.

ಇಲ್ಲೇ ನಗದಿನ ಪಾಠವೂ ಸಿಗುತ್ತದೆ. 40 ಪೊಟ್ಟಣಕ್ಕೆ ಮುರಿತ ಸೇರಿ 422 ರೊಟ್ಟಿ ಬೇಕು. ಸಾಗಣೆ ಸೇರಿ 2,954, ಕಟ್ಟಲು 360, ಬಾಡಿಗೆ 500, ಪೆಟ್ರೋಲು 150. ಮೇಜು ಹಾಕುವ ಮೊದಲೇ 3,964 ಕೈಯಿಂದ ಹೋಗಿರಬೇಕು. ಗಲ್ಲಾದಲ್ಲಿರುವುದು 2,000. ಉಳಿದದ್ದು ಎಲ್ಲಿಂದ? 40 ಗಿರಾಕಿಗಳು ಕೊಡುವ 50 ರೂಪಾಯಿ ಮುಂಗಡದಿಂದ. ಮುಂಗಡ ಕೇಳುವುದು ಆಸಕ್ತಿ ಪರೀಕ್ಷಿಸಲು ಮಾತ್ರವಲ್ಲ, ವ್ಯಾಪಾರ ನಡೆಯುವುದೇ ಅದರಿಂದ. ಇದನ್ನು ಕಂಡುಕೊಂಡ ತಂಡ ಆಮೇಲೆ ಕಿರಾಣಿ ಅಂಗಡಿಗೆ ತಿಂಗಳ ಉದ್ರಿಯಲ್ಲಿ ಮಾಲು ಹಾಕಲು ಒಪ್ಪುವ ಮುನ್ನ ಎರಡು ಸಲ ಯೋಚಿಸುತ್ತದೆ. ಉದ್ರಿ ಬರಬೇಕಾದ 3,000 ಪುಸ್ತಕದಲ್ಲಿ ಲಾಭವಾಗಿ ಕಾಣುತ್ತದೆ, ಆದರೆ ಮುಂದಿನ ವಾರದ ರೊಟ್ಟಿ ತರಲು ಅದು ಒದಗುವುದಿಲ್ಲ.

ಪುಣೆಯ ಮೊದಲ ಸೆಮಿಸ್ಟರ್ ಮಳೆಗಾಲದಲ್ಲೇ ಬೀಳುತ್ತದೆ ಎಂಬುದನ್ನು ಮರೆಯಬಾರದು. ಗರಿಗರಿ ತಿನಿಸು ಏನೇ ಇರಲಿ, ಕಟ್ಟಿದ ಒಂದು ಪೊಟ್ಟಣವನ್ನು ಕಿಟಕಿಯ ಬಳಿ ಏಳು ದಿನ ಇಟ್ಟು ದಿನವೂ ಮುರಿದು ನೋಡಬೇಕು. ಯಾವ ದಿನ ಮೆತ್ತಗಾಯಿತೋ ಅದರ ಹಿಂದಿನ ದಿನವೇ ನಿಮ್ಮ ಮಾರಾಟದ ಗಡುವು. ಗಣೇಶ ಚತುರ್ಥಿಯ ಹತ್ತು ದಿನದ ಮಾರಾಟ ನೋಡಿ ಇಡೀ ವರ್ಷಕ್ಕೆ ಗುಣಿಸುವುದು ಇನ್ನೊಂದು ತಪ್ಪು. ಹಬ್ಬದ ವಾರವನ್ನು ಬೇರೆಯಾಗಿ ಬರೆಯಲು ಹೇಳಿ.

ಇಂಜಿನಿಯರಿಂಗ್ ಓದುವವರು ಆ್ಯಪ್ ಮಾಡುತ್ತೇವೆ ಅನ್ನುತ್ತಾರೆ. ಬೇಡ ಅನ್ನುವುದಿಲ್ಲ, ಐದು ವಾರ ಆ ಆ್ಯಪ್ ಮಾಡಬೇಕಾದ ಕೆಲಸವನ್ನು ಕೈಯಿಂದ ಮಾಡಲಿ. ಕರ್ನಾಟಕದಿಂದ ಓದಲು ಬರುವವರಿಗೆ ಕೋಥರೂಡಿನಲ್ಲಿ ಕೋಣೆ ಹುಡುಕಿಕೊಡುವ ಯೋಚನೆಯಾದರೆ ಒಂದು ಫೋನು, ಒಂದು ನೋಟ್‌ಬುಕ್ಕು, ಹತ್ತು ಕೋಣೆ ಸಾಕು. ಹತ್ತರಲ್ಲಿ ಒಬ್ಬರೂ ಶುಲ್ಕ ಕೊಡದಿದ್ದರೆ ಕೋಡ್ ಬರೆಯುವ ಮೂರು ತಿಂಗಳು ಉಳಿಯಿತು.

ಕಾನೂನಿನ ವಿಷಯ ಒಂದು ಮಧ್ಯಾಹ್ನಕ್ಕೆ ಸಾಕು, ಆದರೆ ಮಾರಾಟಕ್ಕೆ ಮೊದಲೇ ಮುಗಿಸಬೇಕು. ತಿನ್ನುವ ವಸ್ತುವಾದರೆ ಎಷ್ಟೇ ಚಿಕ್ಕ ವ್ಯಾಪಾರಕ್ಕೂ ಆಹಾರ ಸುರಕ್ಷತೆಯ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಲೇಬಲ್ಲಿನ ಮೇಲಿರಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಯ ದಿನ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳುವ ಸಂಪರ್ಕ ಇರಬೇಕು. ಬಿಟ್ಟುಹೋಗುವುದು ಹೆಚ್ಚಾಗಿ ನಿವ್ವಳ ತೂಕ, ಏಕೆಂದರೆ "ಹತ್ತು ರೊಟ್ಟಿ" ಎಂದರೆ ಸಾಕು ಅಂದುಕೊಳ್ಳುತ್ತಾರೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ, ಅದಕ್ಕೆ ಹಣ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆಯಿರುವ ಸರಕನ್ನು ಬೆಂಗಳೂರಿನ ಗಿರಾಕಿಗೆ ಕೊರಿಯರ್ ಮಾಡಿದರೆ ಆ ಮಿತಿ ನಿಮ್ಮನ್ನು ಕಾಯುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಈ ಹಂತದಲ್ಲಿ ಬೇಡವೇ ಬೇಡ, ಮಾರಾಟ ಇಲ್ಲದಿದ್ದರೂ ಪ್ರತಿ ವರ್ಷ ಲೆಕ್ಕಪರಿಶೋಧನೆಯ ಖರ್ಚು ಬರುತ್ತದೆ.

ಇದಕ್ಕಿಂತ ಮುಖ್ಯ, ನಾಲ್ವರ ನಡುವಿನ ಒಂದು ಪುಟದ ಒಪ್ಪಂದ. ಯಾರ ಪಾಲು ಎಷ್ಟು, ಹಣ ತೆಗೆಯಲು ಎಷ್ಟು ಜನರ ಒಪ್ಪಿಗೆ ಬೇಕು, ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿ ಒಬ್ಬರು ಹೊರಟರೆ ಅವರ ಪಾಲು ಏನಾಗುತ್ತದೆ, ವಸ್ತುವಿನ ಹೆಸರು ಯಾರದ್ದು. ಇದನ್ನು ಎರಡನೇ ವಾರವೇ ಬರೆಸಿ. ಹಣ ಬಂದ ಮೇಲೆ ಬರೆಯಲು ಕೂತರೆ ಜಗಳವಾಗುತ್ತದೆ.

ಹನ್ನೊಂದನೇ ವಾರ ಯೋಜನೆ ಬರೆಯಲು ಕೂರಬೇಕು. ಆರು ಪುಟ ಮೀರಕೂಡದು, ಎರಡು ಬಣ್ಣದ ಶಾಯಿ ಇರಬೇಕು. ಗಲ್ಲಾ ಪುಸ್ತಕದಿಂದಲೋ ಮಾತುಕತೆಯ ಟಿಪ್ಪಣಿಯಿಂದಲೋ ಬಂದ ಅಂಕಿ ನೀಲಿ, ಅಂದಾಜು ಕೆಂಪು. ಕೆಂಪೇ ಹೆಚ್ಚಿರುವ ಪುಟವನ್ನು ಓದದೆ ಹಿಂದಿರುಗಿಸುತ್ತೇನೆ. ಕೇಳಲು ಕೂರುವವರಲ್ಲಿ ದಿನವೂ ಸ್ವತಃ ಗಲ್ಲಾದ ಮೇಲೆ ಕೂರುವ ಒಬ್ಬ ಹೋಟೆಲ್ ಮಾಲೀಕರು ಇರಲಿ. ಹಾಳಾದದ್ದು ಎಷ್ಟು, ಉದ್ರಿ ಎಷ್ಟು ಬಾಕಿ, ಎರಡನೇ ಸಲ ಬಂದ ಗಿರಾಕಿ ಎಷ್ಟು ಮಂದಿ ಎಂದು ಅವರು ನೇರವಾಗಿ ಕೇಳುತ್ತಾರೆ.

ಅಂಕದಲ್ಲಿ ಗಲ್ಲಾ ಪುಸ್ತಕಕ್ಕೆ 40, ಮಾತುಕತೆಯ ಟಿಪ್ಪಣಿಗೆ 30, ಯೋಜನೆಗೆ 20, ಮಂಡನೆಗೆ 10. ಲಾಭಕ್ಕೆ ಅಂಕವೇ ಇಲ್ಲ. ಇಟ್ಟರೆ ಕೊನೆಯ ವಾರ ಚಿಕ್ಕಪ್ಪ, ಅತ್ತೆ ಎಲ್ಲ ಗಿರಾಕಿಗಳಾಗುತ್ತಾರೆ. 12ನೇ ವಾರ ಮುಂದುವರಿಸುವುದೋ ನಿಲ್ಲಿಸುವುದೋ ಎಂದು ತಂಡ ತೀರ್ಮಾನಿಸಬೇಕು. ಕ್ರಮವಾಗಿ ನಿಲ್ಲಿಸಿದವರಿಗೂ ಪೂರ್ತಿ ಅಂಕ ಸಿಗುವಂತಿರಬೇಕು. ನಿಲ್ಲಿಸುವ ಕ್ರಮ ಹೀಗೆ: ಹೊಸ ಮುಂಗಡ ತೆಗೆದುಕೊಳ್ಳುವುದನ್ನು ಅಂದೇ ಬಿಡಬೇಕು, ಕೊಡಲಾಗದ ಮಾಲಿನ ಮುಂಗಡವನ್ನು ಫೋನು ಮಾಡಿ ವಾಪಸು ಕೊಡಬೇಕು, ರೊಟ್ಟಿಯವರಿಗೆ ಬಾಕಿ ತೀರಿಸಬೇಕು, ಆಮೇಲೆ ಕಾಲೇಜಿನ 2,000. ಅದು ಪೂರ್ತಿ ಇಲ್ಲದಿದ್ದರೆ ಎಷ್ಟಿದೆಯೋ ಅಷ್ಟು, ಕೊರತೆ ಯಾವ ಸಾಲಿನಿಂದ ಆಯಿತು ಎಂಬುದರ ಜೊತೆ. ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು, ಉಳಿದ ಮೊತ್ತ, ನಾಲ್ವರ ಸಹಿ.