ಬಿಚ್ಚಿಡುವ ಯುಕುಲೆಲೆ: ತಂತಿಯ ಎಳೆತವನ್ನೇ ಬೀಗ ಮಾಡಿಕೊಂಡ ನನ್ನ ಅನುಭವ

ಗಿಟಾರ್ ಹಾಗಿರುವ, ನಾಲ್ಕು ತಂತಿಯ ಯುಕುಲೆಲೆಯೇ ಚಿಕ್ಕ ವಾದ್ಯ, ಅದನ್ನೂ ಬಿಚ್ಚಿ ಇಡೋದು ಯಾಕೆ ಅಂತ ಕೇಳುವವರಿದ್ದಾರೆ. ಆದರೆ ಅದರ ಮಾಮೂಲಿ ಅಳತೆಗಳಲ್ಲಿ ಪುಟ್ಟದು ಅನ್ನಿಸಿಕೊಳ್ಳುವ ಸೊಪ್ರಾನೊ ಕೂಡ ತುದಿಯಿಂದ ತುದಿಗೆ ಸುಮಾರು 53 ಸೆಂ.ಮೀ. ಇರುತ್ತದೆ. ಬ್ಯಾಗಿಗೆ ಹಾಕಿದರೆ ತಲೆ ಹೊರಗೇ ಉಳಿಯುತ್ತದೆ. ಬೇರೆಯಾಗಿ ಹೊತ್ತರೆ ಅದೊಂದು ಹೆಚ್ಚುವರಿ ಲಗೇಜು. ಬಟ್ಟೆಗಳ ನಡುವೆ ತೂರಿಸಿ ಜಿಪ್ ಎಳೆಯುವಂತಿರಬೇಕು ಅನ್ನೋದು ನನ್ನ ಆಸೆಯಾಗಿತ್ತು. ಹಾಗಾಗಿ ನಾನೇ ಒಂದು ಮಾಡಿಕೊಂಡೆ. ಬಿಚ್ಚಿಟ್ಟಾಗ ಅದರ ಉದ್ದ 25 ಸೆಂ.ಮೀ. ನುಡಿಸುವಾಗ ಪೂರ್ತಿ ಸೊಪ್ರಾನೊ.

ಮೊದಲ ಪ್ರಶ್ನೆ, ಉದ್ದವನ್ನು ಎಲ್ಲಿ ಉಳಿಸೋದು? ತಂತಿ ಕಂಪಿಸುವ ಉದ್ದವನ್ನು, ಅಂದರೆ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಬ್ರಿಡ್ಜ್‌ವರೆಗಿನ (ಬಾಡಿಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ) 345 ಮಿ.ಮೀ. ಅನ್ನು, ಮುಟ್ಟುವ ಹಾಗಿಲ್ಲ. ಅದನ್ನು ಮೊಟಕು ಮಾಡಿದರೆ ಫ್ರೆಟ್‌ಗಳು (ಕತ್ತಿನ ಮೇಲೆ ಸ್ವರಸ್ಥಾನಕ್ಕೆ ಕೂರಿಸುವ ಲೋಹದ ಅಡ್ಡಪಟ್ಟಿಗಳು) ಒತ್ತೊತ್ತಾಗಿ ಬೆರಳಿಗೆ ಜಾಗವೇ ಇರೋದಿಲ್ಲ. ಉಳಿದದ್ದು ತಲೆ. ಅದು ಇರೋದೇ ಬಿರಡೆಗಳಿಗೋಸ್ಕರ. ಬಿರಡೆಗಳನ್ನು ಬಾಡಿಯ ಬಾಲದ ಕಡೆ ಕೂರಿಸಿದರೆ ತಲೆ ಬೇಕಾಗಿಯೇ ಇಲ್ಲ, ಅಲ್ವಾ? ಬ್ರಿಡ್ಜ್‌ನ ಹಿಂದೆ ಗಟ್ಟಿ ಮರದ ತುಂಡು ಬಿಟ್ಟು, ಅದರಲ್ಲಿ ಒಂದು ಕಿಟಕಿ ಕೊರೆದೆ. ಆ ಕಡೆ ಎರಡು, ಈ ಕಡೆ ಎರಡು ಗೇರ್ ಬಿರಡೆ ಹಾಕಿದೆ.

ಕತ್ತನ್ನು ಬೇರ್ಪಡಿಸುವ ಜಾಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 12ನೇ ಫ್ರೆಟ್ ಅಂದರೆ ಸರಿಯಾಗಿ ಅರ್ಧ, 172.5 ಮಿ.ಮೀ. ಹಳೇ ಮಾದರಿಯ ಸೊಪ್ರಾನೊಗಳಲ್ಲಿ ಬಾಡಿ ಶುರುವಾಗೋದೂ ಅಲ್ಲೇ. ಫ್ರೆಟ್ ಲೆಕ್ಕ ಸುಲಭ: ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತಾ ಹೋಗಬೇಕು. ಮೊದಲನೆಯದು 19.36 ಮಿ.ಮೀ.ಗೆ ಬರುತ್ತದೆ. ಗುರುತು ಹಾಕುವಾಗ ಮಾತ್ರ ಹಿಂದಿನ ಫ್ರೆಟ್‌ನಿಂದ ಅಳೆಯಬೇಡಿ, ಎಲ್ಲವನ್ನೂ ನಟ್‌ನ ಕಡೆಯಿಂದಲೇ ಅಳೆಯಿರಿ. ಇಲ್ಲದಿದ್ದರೆ ಚೂರು ಚೂರು ವ್ಯತ್ಯಾಸ ಕೂಡುತ್ತಾ ಹೋಗುತ್ತದೆ.

ಇಡೀ ವಾದ್ಯ ನಿಂತಿರೋದು ಕತ್ತು ಬಾಡಿಗೆ ಸೇರುವ ಜಾಯಿಂಟ್ ಮೇಲೆ. ನಾನು ಹೆಚ್ಚು ಹೊತ್ತು ಕಾಗದ ಪೆನ್ಸಿಲ್ ಹಿಡಿದು ಕೂತಿದ್ದೂ ಅದಕ್ಕೇ. ಜಿ, ಸಿ, ಇ, ಎ ಶ್ರುತಿಗೆ ಬಿಗಿದ ನಾಲ್ಕು ನೈಲಾನ್ ತಂತಿಗಳ ಎಳೆತವನ್ನು ಲೆಕ್ಕ ಹಾಕಿದೆ. ಒಂದೊಂದು 2.5ರಿಂದ 3 ಕೆ.ಜಿ. ಎಳೆಯುತ್ತದೆ. ಒಟ್ಟು 12 ಕೆ.ಜಿ. ಹತ್ತಿರ. ಈ ಬಲ ಕತ್ತಿನ ತುದಿಯನ್ನು ಯಾವಾಗಲೂ ಮುಂದಕ್ಕೆ, ತಂತಿಯ ಕಡೆಗೆ ಬಾಗಿಸಲು ನೋಡುತ್ತಿರುತ್ತದೆ. ಜಾಯಿಂಟ್ ಯಾವ ಕಡೆಗೆ ತೆರೆಯಬೇಕು ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ.

ಹಿಂಜ್ ಅನ್ನು ಮೇಲೆ, ಫ್ರೆಟ್‌ಬೋರ್ಡ್ ಮಟ್ಟದಲ್ಲಿ ಇಟ್ಟರೆ ಕತ್ತು ಮುಂದಕ್ಕೆ ಮಡಚುತ್ತದೆ. ಮಡಚಿದ ಕೂಡಲೇ ತಂತಿಗಳು ತಾವೇ ಸಡಿಲವಾಗುತ್ತವೆ. ನೋಡಲು ಬಹಳ ಜಾಣತನದ್ದು ಅನ್ನಿಸುತ್ತದೆ. ಆದರೆ ನುಡಿಸುವಾಗಲೂ ಎಳೆತ ಅದೇ ಜಾಯಿಂಟನ್ನು ತೆರೆಯಲು ನೋಡುತ್ತದೆ, ಚಿಲಕ ಒಂದೇ ಅದನ್ನು ತಡೆದು ನಿಲ್ಲಬೇಕು. ಹಿಂಜ್ ಅನ್ನು ಕೆಳಗೆ, ಕತ್ತಿನ ಬುಡದ ಹಿಂಭಾಗದಲ್ಲಿ ಇಟ್ಟರೆ ಎಲ್ಲ ಉಲ್ಟಾ. ಕತ್ತು ಹಿಂದಕ್ಕೆ ಮಾತ್ರ ಮಡಚುತ್ತದೆ, ಎಳೆತವೇ ಜಾಯಿಂಟನ್ನು ಒತ್ತಿ ಮುಚ್ಚುತ್ತದೆ. ಬಾಗಿಲಿಗೆ ಒರಗಿ ನಿಂತವರು ಬೀಗವಿಲ್ಲದೆಯೂ ಬಾಗಿಲನ್ನು ಮುಚ್ಚೇ ಇಡುವ ಹಾಗೆ. ಮಡಚುವ ಮೊದಲು ತಂತಿ ಸಡಿಲಿಸಬೇಕು ಅನ್ನೋದೊಂದೇ ತಾಪತ್ರಯ. ನಾನು ಅದನ್ನು ಒಪ್ಪಿಕೊಂಡೆ.

ಆದರೆ ಹಿಂಜ್ ಕೂಡ ನನಗೆ ಬೇಡವಾಯಿತು. ಮಾಮೂಲಿ ಹಿಂಜ್‌ನಲ್ಲಿ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ, ಮಡಚಿಟ್ಟಾಗ ಅದು ದಪ್ಪವಾಗಿ ಉಬ್ಬಿಕೊಂಡೂ ಇರುತ್ತದೆ. ಅದರ ಬದಲು ಬಾಡಿಯ ಒಳಗಿನ ಗಟ್ಟಿ ಮರದಲ್ಲಿ ಅಡ್ಡಡ್ಡ ಒಂದು 5 ಮಿ.ಮೀ. ಉಕ್ಕಿನ ಸರಳು ಕೂರಿಸಿದೆ. ಕತ್ತಿನ ಬುಡಕ್ಕೆ ದಪ್ಪ ಅಲ್ಯೂಮಿನಿಯಂ ತಗಡಿನ ಕೊಕ್ಕೆ ಹಾಕಿದೆ. ಕತ್ತನ್ನು ಹಿಂದಕ್ಕೆ ವಾಲಿಸಿ ಹಿಡಿದು, ಕೊಕ್ಕೆಯನ್ನು ಸರಳಿಗೆ ಸಿಕ್ಕಿಸಿ, ಮೇಲಕ್ಕೆ ತಂದರೆ ಅದರ ಮುಖ ಬಾಡಿಗೆ ಟಕ್ ಅಂತ ಕೂರುತ್ತದೆ. ಸರಳು ಮತ್ತು ಮೇಲೆ ತಾಗುವ ಜಾಗದ ನಡುವೆ 25 ಮಿ.ಮೀ. ಅಂತರ, ಸರಳಿನಿಂದ ತಂತಿಗೆ 34 ಮಿ.ಮೀ. ಹಾಗಾಗಿ ಮೇಲಿನ ಮುಖದ ಮೇಲೆ 16 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ, ಸರಳಿನ ಮೇಲೆ ಬೀಳೋದು ನಾಲ್ಕು ಕೆ.ಜಿ. ಚಿಲ್ಲರೆ ಎಳೆತ ಅಷ್ಟೇ. ಬೋಲ್ಟ್ ಇಲ್ಲ, ಸ್ಕ್ರೂಡ್ರೈವರ್ ಬೇಡ.

ಎರಡು ಸಣ್ಣ ವಿಷಯ ಇಲ್ಲಿ ಮುಖ್ಯ. ಕತ್ತಿನ ಮುಖದ ನಡುಭಾಗವನ್ನು ಉಳಿಯಿಂದ ತುಸು ಕೆತ್ತಿ ತಗ್ಗಿಸಿದೆ, ಮೇಲಿನ ಅಂಚು ಮಾತ್ರ ತಾಗಬೇಕು ಅಂತ. ಇಡೀ ಮುಖ ತಾಗಿದರೆ ಎಲ್ಲಿ ಒತ್ತುತ್ತಿದೆ ಅನ್ನೋದೇ ಗೊತ್ತಾಗುವುದಿಲ್ಲ. ಆ ಅಂಚಿನಲ್ಲಿ ಇಂಗ್ಲಿಷ್ ವಿ ಆಕಾರದ ನಾಲಿಗೆಯೊಂದನ್ನು ಕೆತ್ತಿ, ಬಾಡಿಯಲ್ಲಿ ಅದಕ್ಕೆ ತಕ್ಕ ಹಳ್ಳ ಮಾಡಿದೆ. ಒತ್ತಡ ಬಿದ್ದಾಗ ನಾಲಿಗೆ ತಾನೇ ಮಧ್ಯಕ್ಕೆ ಜಾರಿ ಕೂರುತ್ತದೆ, ಕತ್ತು ಪಕ್ಕಕ್ಕೆ ಸರಿಯುವುದಿಲ್ಲ.

ಈ ಜಾಯಿಂಟ್ ಎಷ್ಟು ಸೂಕ್ಷ್ಮ ಅನ್ನೋದಕ್ಕೆ ಒಂದು ಲೆಕ್ಕ. 25 ಮಿ.ಮೀ. ಎತ್ತರದ ಮುಖದಲ್ಲಿ ಮೇಲೆ 0.1 ಮಿ.ಮೀ. ವ್ಯತ್ಯಾಸವಾದರೆ ನಟ್‌ನ ಹತ್ತಿರ ಕತ್ತು 0.7 ಮಿ.ಮೀ. ಓಲುತ್ತದೆ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅದರ ಅರ್ಧದಷ್ಟು, ಅಂದರೆ 0.35 ಮಿ.ಮೀ. ಬದಲಾಗುತ್ತದೆ. ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆಯ ದಪ್ಪವೂ ಸುಮಾರು 0.1 ಮಿ.ಮೀ. ಹಾಗಾಗಿ ತಂತಿಯ ಎತ್ತರವನ್ನು ನಾನು ಕಾಗದದ ಚೂರಿನಿಂದಲೇ ಹೊಂದಿಸಿದೆ. ಮೇಲಿನ ಅಂಚಿಗೆ ಒಂದು ಪದರ ಇಟ್ಟೆ, ತಂತಿ ಇಳಿಯಿತು. ಎರಡು ಇಟ್ಟೆ, ಇನ್ನೂ ಇಳಿದು ಕೆಲವು ಫ್ರೆಟ್‌ನಲ್ಲಿ ಝರ್ ಅಂದಿತು. ಒಂದಕ್ಕೇ ವಾಪಸ್ ಬಂದು, ಆಮೇಲೆ ಅಲ್ಲಿ ಅಷ್ಟೇ ದಪ್ಪದ ಹಿತ್ತಾಳೆ ಹಾಳೆ ಅಂಟಿಸಿದೆ. ಕಾಗದ ದಿನ ಕಳೆದಂತೆ ಅಮುಕಿಕೊಳ್ಳುತ್ತದೆ, ಹಿತ್ತಾಳೆಗೆ ಆ ಕಾಟವಿಲ್ಲ.

ಬಿಚ್ಚಿದಾಗ ತಂತಿಗಳ ಗತಿ ಏನು? ಪ್ರತಿ ಸಲ ಕಳಚಿ ಮತ್ತೆ ಗಂಟು ಹಾಕುತ್ತಾ ಕೂರೋದು ನನ್ನಿಂದಾಗದ ಕೆಲಸ. ಅದಕ್ಕೆ ನಟ್‌ನ ಜಾಗದಲ್ಲಿ ಕಳಚಿ ಬರುವ ಒಂದು ಹಿತ್ತಾಳೆ ಪಟ್ಟಿ ಇಟ್ಟೆ. ಅದರ ನಾಲ್ಕು ತೂತಿನಲ್ಲಿ ತಂತಿ ತೂರಿಸಿ ಹಿಂದೆ ಗಂಟು ಹಾಕಿದೆ. ಪಟ್ಟಿಯ ಮಡಿಕೆ ಕತ್ತಿನ ತುದಿಗೆ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಪ್ರತಿ ಸಲ ಒಂದೇ ಎತ್ತರದಲ್ಲಿ ಕೂರುತ್ತದೆ ಅಂತ ನಂಬೋಕಾಗಲ್ಲ. ಆದ್ದರಿಂದ ಅದರ ಮುಂದೆ ಒಂದು ಸೊನ್ನೆ ಫ್ರೆಟ್, ಅಂದರೆ ತಂತಿಯ ಕಂಪನ ಶುರುವಾಗುವ ಜಾಗದಲ್ಲೇ ಒಂದು ಫ್ರೆಟ್, ಹಾಕಿದೆ. ಎತ್ತರವನ್ನು ಫ್ರೆಟ್ ನೋಡಿಕೊಳ್ಳುತ್ತದೆ, ಪಟ್ಟಿ ತಂತಿಗಳ ನಡುವಿನ ಅಂತರವನ್ನು ಕಾಯುತ್ತದೆ. ಬಿಚ್ಚಿದ ಮೇಲೆ ಪಟ್ಟಿ ಸಮೇತ ತಂತಿಗಳನ್ನು ಬಾಡಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು.

ನೈಲಾನ್ ಚೆನ್ನಾಗಿ ಹಿಗ್ಗುವ ವಸ್ತು. ಹಾಗಾಗಿ ಸಡಿಲಿಸಲು ಬಿರಡೆಯ ದಂಡವನ್ನು ಒಂದೂವರೆ ಸುತ್ತಾದರೂ ಹಿಂದಕ್ಕೆ ತಿರುಗಿಸಬೇಕು. 14:1 ಗೇರ್ ಆದ್ದರಿಂದ ಕೈಯಲ್ಲಿ ಅದು ಇಪ್ಪತ್ತಕ್ಕೂ ಹೆಚ್ಚು ಸುತ್ತು, ಅದೂ ನಾಲ್ಕು ತಂತಿಗೆ. ಬೇಜಾರಿನ ಕೆಲಸ, ಸುಮ್ನೆ ಹೇಳಬಾರದು. ಬಿರಡೆ ತಿರುಗಿಸುವ ಹಿಡಿಕೆಯೊಂದನ್ನು ಜೊತೆಗಿಟ್ಟುಕೊಂಡರೆ ಎಷ್ಟೋ ವಾಸಿ. ಜೋಡಿಸಿದ ಮೇಲೆ ನಾಲ್ಕನ್ನೂ ಮೊದಲು ಅಂದಾಜಿಗೆ ಬಿಗಿಯಿರಿ, ಆಮೇಲೆ ಸರಿಯಾಗಿ ಶ್ರುತಿ ಮಾಡಿ. ಒಂದನ್ನೇ ಪೂರ್ತಿ ಶ್ರುತಿಗೆ ತಂದರೆ ಉಳಿದವನ್ನು ಬಿಗಿಯುವಷ್ಟರಲ್ಲಿ ಅದು ಇಳಿದಿರುತ್ತದೆ. ಸ್ವಲ್ಪ ಹೊತ್ತು ಶ್ರುತಿ ಇಳಿಯುತ್ತಲೇ ಇರುತ್ತದೆ. ಫ್ಲೋರೋಕಾರ್ಬನ್ ಅನ್ನೋ ಬೇರೊಂದು ಪ್ಲಾಸ್ಟಿಕ್‌ನ ತಂತಿ ಹಾಕಿದ ಮೇಲೆ ಆ ಕಾಯುವ ಹೊತ್ತು ಕಡಿಮೆಯಾಯಿತು.

ನಾದದ ವಿಷಯದಲ್ಲಿ ಕೊಟ್ಟು ತೆಗೆದುಕೊಂಡೆ. ಬಾಡಿಯ ದಪ್ಪ 32 ಮಿ.ಮೀ. ಮಾತ್ರ. ಒಳಗಿನ ಗಾಳಿ ಅರ್ಧವಾದರೆ ಅದರ ಅನುರಣನದ ಶ್ರುತಿ 1.4 ಪಟ್ಟು ಮೇಲೇರುತ್ತದೆ, ತಗ್ಗು ಸ್ವರ ತೆಳುವಾಗುತ್ತದೆ. ನಾದರಂಧ್ರವನ್ನು ಚಿಕ್ಕದು ಮಾಡಿದರೆ ಅದು ಸ್ವಲ್ಪ ಕೆಳಗಿಳಿಯುತ್ತದೆ, ನಾನು ಅದನ್ನೇ ಮಾಡಿದೆ. ಆದರೂ ತುಂಬು ಬಾಡಿಯ ಯುಕುಲೆಲೆಯ ಗುಂಗು ಇದಕ್ಕಿಲ್ಲ. ಇನ್ನೊಂದು ಕಡೆ ಲಾಭವೂ ಆಯಿತು. ತಂತಿಗಳು ಬಾಲದಲ್ಲಿ ಕಟ್ಟಿಕೊಂಡಿರೋದರಿಂದ ಬ್ರಿಡ್ಜ್‌ನ ಮೇಲೆ ಎಳೆತವಿಲ್ಲ, ಬರೀ ಕೆಳಮುಖದ ಒತ್ತಡ. ಎಳೆತವನ್ನು ಹೊರಲು ಕತ್ತಿನ ಬುಡದಿಂದ ಬಾಲದವರೆಗೆ ಒಳಗೊಂದು ತೊಲೆ ಇದೆ. ಹಾಗಾಗಿ ಮೇಲ್ಹಲಗೆಯನ್ನು 2 ಮಿ.ಮೀ.ಗೆ ಇಳಿಸಿದರೂ ಅದು ಬಾಗಲಿಲ್ಲ.

ಬ್ರಿಡ್ಜ್ ಅಂಟಿಸಿಲ್ಲ, 10 ಮಿ.ಮೀ. ಎತ್ತರದ್ದು, ತಂತಿಯ ಒತ್ತಡದಲ್ಲೇ ನಿಲ್ಲುತ್ತದೆ. ಸ್ವರ ಸರಿಹೋಗಲು ಲೆಕ್ಕದ ಜಾಗಕ್ಕಿಂತ ಒಂದೂವರೆ ಮಿ.ಮೀ. ಹಿಂದೆ ಸರಿಸಬೇಕಾಯಿತು. ತಂತಿ ಸಡಿಲಿಸಿದ ತಕ್ಷಣ ಅದು ಕೈಗೇ ಬರುತ್ತದೆ. ಪ್ರತಿ ಸಲ ಜಾಗ ಹುಡುಕಬಾರದು ಅಂತ ಅದರ ಎರಡೂ ಪಾದದ ಅಡಿಗೆ ತಲೆ ಕತ್ತರಿಸಿದ ಸಣ್ಣ ಮೊಳೆ ಹೊಡೆದು, ಮೇಲ್ಹಲಗೆಯಲ್ಲಿ ಅದಕ್ಕೆ ಸರಿಯಾಗಿ ಎರಡು ತೂತು ಮಾಡಿದೆ. ಬಲ ಎಡ ಅದಲುಬದಲಾಗದಿರಲಿ ಅಂತ ಒಂದು ಮೊಳೆ ದಪ್ಪ, ಇನ್ನೊಂದು ಸಣ್ಣ.